ಕೈಯಿಂದ ಒತ್ತಿ ಕಣ್ಣಿನ ಪ್ರೆಷರ್ ಇಳಿಸುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ

ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಪ್ರೆಷರ್ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ ಇದನ್ನು ಪೂರ್ತಿ ಓದಿ. ಬರೆಯಲೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ನಾಚಿಕೆ ಆಗುತ್ತಿದೆ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಬೇರೆ ಯಾರೂ ಅಲ್ಲ, ನಾನೇ.

ಅಪ್ಪನಿಗೆ 68 ವರ್ಷ. ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಆರು ವರ್ಷದ ಹಿಂದೆ ಕನ್ನಡಕ ಬದಲಿಸಲು ಹೋದಾಗ ಗ್ಲಾಕೋಮಾ ಇರುವುದು ಗೊತ್ತಾಯಿತು. ಆಗ ಪ್ರೆಷರ್ 28 ಇತ್ತು. ಸಾಮಾನ್ಯವಾಗಿ ಅದು 10ರಿಂದ 21ರ ಒಳಗೆ ಇರುತ್ತದೆ. ಪ್ರೆಷರ್ ಇಳಿಸಲು ಕಣ್ಣಿಗೆ ಡ್ರಾಪ್ಸ್ ಕೊಟ್ಟರು: ರಾತ್ರಿ ಲಟನೊಪ್ರೋಸ್ಟ್, ಬೆಳಿಗ್ಗೆ ಸಂಜೆ ಟಿಮೊಲಾಲ್. ಅಪ್ಪ ಒಂದು ದಿನವೂ ತಪ್ಪಿಸಿದವರಲ್ಲ. ಆದರೆ ಕಣ್ಣು ಕೆಂಪಗಾಗುತ್ತಿತ್ತು, ಉರಿಯುತ್ತಿತ್ತು, ರೆಪ್ಪೆ ಕಪ್ಪಾಗಿತ್ತು. "ಸಾಯೋ ತನಕ ಇದೇನಾ ಮಗಳೇ?" ಅಂತ ಒಂದು ದಿನ ಕೇಳಿದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅದೇ ಹೊತ್ತಿಗೆ ಪಕ್ಕದ ಮನೆಯವರು ಒಂದು ಆಸ್ಟಿಯೋಪಥಿ ಸೆಂಟರ್ (ಮೈ, ಮೂಳೆ ಕೈಯಿಂದ ಒತ್ತಿ ಚಿಕಿತ್ಸೆ ಮಾಡುವ ಜಾಗ) ಬಗ್ಗೆ ಹೇಳಿದರು. ಅವರ ಸೊಂಟ ನೋವು ಅಲ್ಲಿ ಕಡಿಮೆ ಆಗಿತ್ತಂತೆ. ಫೋನ್ ಮಾಡಿ ಕೇಳಿದೆ. "ಕಣ್ಣಿನ ಪ್ರೆಷರ್ ತಾನೇ ಮೇಡಂ? ಅದರ ಮೂಲ ಕುತ್ತಿಗೆಯಲ್ಲಿ ಇರುತ್ತೆ. ತಲೆಬುರುಡೆಯ ಮೂಳೆ ಬಿಗಿಯಾಗಿರುತ್ತೆ. ನಾವು ಕೈಯಲ್ಲೇ ಸಡಿಲ ಮಾಡ್ತೀವಿ, ಕಣ್ಣಿನೊಳಗಿನ ನೀರು ತಾನಾಗೇ ಹರಿದು ಹೋಗುತ್ತೆ" ಅಂದರು. ಹತ್ತು ಸಿಟಿಂಗ್‌ಗೆ 18,000 ರೂಪಾಯಿ. ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು. ಕಟ್ಟಿದೆ.

ಅಲ್ಲಿ ಗೋಡೆ ಮೇಲೆ ಆಸ್ಟಿಯೋಪಥಿ ಶುರು ಮಾಡಿದ ಆಂಡ್ರ್ಯೂ ಟೇಲರ್ ಸ್ಟಿಲ್ ಅವರ ದೊಡ್ಡ ಫೋಟೋ, ಕೆಳಗೆ 1874 ಅಂತ ಇಸವಿ. "ಅಮೆರಿಕದಲ್ಲಿ ನಾವೆಲ್ಲ ಡಾಕ್ಟರ್‌ಗಳೇ" ಅಂದರು. ಅಮೆರಿಕದಲ್ಲಿ ಆಸ್ಟಿಯೋಪಥಿ ಓದಿದವರು ಪೂರ್ತಿ ವೈದ್ಯರು ಅನ್ನುವುದು ನಿಜ. ಔಷಧ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಆದರೆ ಇವರು ಓದಿದ್ದು ಅದಲ್ಲ. ಇವರದು ಬರೀ ಕೈ ಚಿಕಿತ್ಸೆಯ ಕೋರ್ಸ್. ಅದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಮೊದಲ ದಿನದ ಕಥೆ ಸರಿಯಾಗಿ ಹೇಳಬೇಕು. ನಾನು ಮೋಸ ಹೋದದ್ದು ಅಲ್ಲೇ. ಅಪ್ಪನನ್ನು ಟೇಬಲ್ ಮೇಲೆ ಬೋರಲಾಗಿ ಮಲಗಿಸಿದರು. ಮುಖಕ್ಕೆ ತೂತು ಇರುವ ಟೇಬಲ್ ಇರುತ್ತದಲ್ಲ, ಅದು. ಇಪ್ಪತ್ತು ನಿಮಿಷ ಬೆನ್ನು, ಕುತ್ತಿಗೆ ಒತ್ತಿದರು. ಆಮೇಲೆ ಅಂಗಾತ ತಿರುಗಿಸಿ, ಮಲಗಿದ್ದ ಹಾಗೇ ಕೈಯಲ್ಲಿ ಹಿಡಿಯುವ ಸಣ್ಣ ಮಷೀನಿನಲ್ಲಿ ಪ್ರೆಷರ್ ನೋಡಿದರು. 21. "ನೋಡಿ ಸಾರ್, ಡ್ರಾಪ್ಸ್ ಹಾಕಿದರೂ 21!" ಅಂದರು. ಆಮೇಲೆ ತಲೆ ಹಿಡಿದರು, ಹಣೆ ಒತ್ತಿದರು, ಕಣ್ಣಿನ ಸುತ್ತ ಬೆರಳಲ್ಲಿ ಮೆತ್ತಗೆ ಒತ್ತಿದರು. ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ಮತ್ತೆ ನೋಡಿದರು. 16.

ನನಗೆ ಅಳು ಬಂತು. ಅಪ್ಪ ನನ್ನ ಕೈ ಹಿಡಿದುಕೊಂಡರು. ಆಗಲೇ ಒಬ್ಬ ಹುಡುಗ ಮೊಬೈಲ್ ತಂದು, "ಅಂಕಲ್, ಎರಡು ಮಾತು ಹೇಳಿ" ಅಂದ. ಅಪ್ಪ ಹೇಳಿದರು.

ಆ ಹೊತ್ತಿನಲ್ಲಿ ನನ್ನ ಚೀಲದೊಳಗೆ ಅಪ್ಪನ ಕಣ್ಣಾಸ್ಪತ್ರೆ ಫೈಲ್ ಇತ್ತು. ಅದರಲ್ಲಿ ಹಿಂದಿನ ಮೂರೂ ಚೆಕಪ್‌ಗಳಲ್ಲಿ 16, 15, 16 ಅಂತ ಬರೆದಿತ್ತು. ತೆಗೆದು ನೋಡಿದ್ದರೆ ಸಾಕಿತ್ತು. ಅವರು ಏನೂ ಇಳಿಸಿರಲಿಲ್ಲ. ಅಪ್ಪನ ಪ್ರೆಷರ್ ಅಲ್ಲಿಗೆ ಹೋಗುವ ಮೊದಲೇ 16 ಇತ್ತು! ಡ್ರಾಪ್ಸ್ ಅದನ್ನು ಅಲ್ಲಿ ಹಿಡಿದಿಟ್ಟಿತ್ತು. ಆ ಫೈಲ್ ನನ್ನ ಚೀಲದಲ್ಲೇ ಇತ್ತು.

ಮೂರನೇ ಸಿಟಿಂಗ್‌ನಲ್ಲಿ "ಇನ್ನು ಡ್ರಾಪ್ಸ್ ನಿಲ್ಲಿಸಿ ನೋಡೋಣ, ಕಣ್ಣಿಗೂ ಸ್ವಲ್ಪ ರೆಸ್ಟ್ ಬೇಕು" ಅಂದರು. ಬಾಯಲ್ಲಿ ಹೇಳಿದ್ದು ಅಷ್ಟೇ, ಎಲ್ಲೂ ಬರೆದುಕೊಡಲಿಲ್ಲ. ನಿಲ್ಲಿಸಿದೆವು. ಹತ್ತು ದಿನ ಬಿಟ್ಟು ನೋಡಿದರೆ 17. "ಕಂಡ್ರಾ?" ಅಂದರು. ನಾವೂ ಕಂಡೆವು ಅಂದುಕೊಂಡೆವು. ದಿನಾ ಐದು ನಿಮಿಷ ತಲೆ ಕೆಳಗೆ ಬಾಗಿಸಿ ಕೂರಲೂ ಹೇಳಿದರು. ಅಪ್ಪ ಅದನ್ನೂ ಮಾಡಿದರು. ಮೇಷ್ಟ್ರು ಅಲ್ವಾ, ಹೇಳಿದ್ದನ್ನು ತಪ್ಪದೆ ಮಾಡುತ್ತಾರೆ.

ಎರಡು ತಿಂಗಳಾದ ಮೇಲೆ ಕಣ್ಣಾಸ್ಪತ್ರೆಯ ಮಾಮೂಲಿ ಚೆಕಪ್ ಇತ್ತು. ಹೋದೆವು. ಗದ್ದ ಇಟ್ಟು ಕೂರಿಸಿ ನೀಲಿ ಬೆಳಕಿನಲ್ಲಿ ನೋಡಿದರು. ಇನ್ನೊಂದು ಸಲ ನೋಡಿದರು. ಬಲಗಣ್ಣು 31, ಎಡಗಣ್ಣು 29. "ಡ್ರಾಪ್ಸ್ ಯಾವಾಗ ನಿಲ್ಲಿಸಿದಿರಿ?" ಅಂತ ಡಾಕ್ಟರ್ ಕೇಳಿದರು. ನಿಲ್ಲಿಸಿದಿರಾ ಅಂತ ಅಲ್ಲ, ಯಾವಾಗ ಅಂತ. ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಅಷ್ಟೇ. ಏನೂ ಹೇಳಲಿಲ್ಲ.

ಎಲ್ಲ ಹೇಳಿದೆ. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೊಂದಾಗಿ ಬಿಡಿಸಿ ಹೇಳಿದರು. ಬೋರಲಾಗಿ ಮಲಗಿದರೆ ಯಾರಿಗೇ ಆದರೂ ಕಣ್ಣಿನ ಪ್ರೆಷರ್ ಏರುತ್ತದೆ. ಅಂಗಾತ ಮಲಗಿದರೂ ಕೂತಾಗಿಗಿಂತ ಜಾಸ್ತಿ ಇರುತ್ತದೆ. ಎದ್ದು ಕೂತರೆ ತಾನಾಗೇ ಇಳಿಯುತ್ತದೆ. ಕಣ್ಣು ಒತ್ತಿದರೆ ಒಳಗಿನ ನೀರು ಸ್ವಲ್ಪ ಹೊರಗೆ ಹೋಗಿ ಪ್ರೆಷರ್ ಕಡಿಮೆ ಆಗುವುದೂ ನಿಜ, ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ. ಆ 17 ಬಂದದ್ದು ಯಾಕೆ ಅಂದರೆ, ಲಟನೊಪ್ರೋಸ್ಟ್ ನಿಲ್ಲಿಸಿದರೂ ಅದರ ಪರಿಣಾಮ ಪೂರ್ತಿ ಹೋಗಲು ನಾಲ್ಕರಿಂದ ಆರು ವಾರ ಬೇಕು. ಹತ್ತನೇ ದಿನ ಕೆಲಸ ಮಾಡುತ್ತಿದ್ದದ್ದು ಅದೇ ಹಳೆಯ ಡ್ರಾಪ್ಸ್. ತಲೆ ಬಾಗಿಸುವ ವಿಷಯ ಕೇಳಿ ಮಾತ್ರ ಅವರ ಮುಖ ಬದಲಾಯಿತು. ಶೀರ್ಷಾಸನದಲ್ಲಿ ಪ್ರೆಷರ್ ಸುಮಾರು ಎರಡು ಪಟ್ಟು ಆಗುತ್ತದಂತೆ. ಗ್ಲಾಕೋಮಾ ಇರುವವರು ತಲೆ ಕೆಳಗೆ ಮಾಡುವುದೇ ತಪ್ಪು.

"ತಲೆಬುರುಡೆ ಸಡಿಲ ಮಾಡ್ತೀವಿ ಅಂದರು" ಅಂದೆ. "ದೊಡ್ಡವರ ತಲೆಯ ಮೂಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ ಕಣಮ್ಮ. ನೀರು ಹೋಗುವ ಕಿಂಡಿ ಕಣ್ಣಿನ ಒಳಗೇ ಇದೆ, ಕಪ್ಪು ಗುಡ್ಡೆಯ ಅಂಚಿನಲ್ಲಿ. ಬಚ್ಚಲ ಕಿಂಡಿ ಕಟ್ಟಿಕೊಂಡರೆ ಮನೆ ಗೋಡೆ ಒತ್ತಿದರೆ ಸರಿ ಹೋಗುತ್ತಾ?" ಅಂದರು.

ಫೀಲ್ಡ್ ಟೆಸ್ಟ್ ಮಾಡಿದರು. ಬೆಳಕು ಕಂಡಾಗ ಬಟನ್ ಒತ್ತುವುದು. ಬಲಗಣ್ಣಿನ ಚಿತ್ರದಲ್ಲಿ ಕಪ್ಪು ಭಾಗ, ಅಂದರೆ ಸರಿಯಾಗಿ ಕಾಣದ ಜಾಗ, ಹೋದ ವರ್ಷಕ್ಕಿಂತ ದೊಡ್ಡದಾಗಿದೆ. ಕಣ್ಣಿನ ನರ ಹಾಳಾದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ನೋವಿಲ್ಲ, ಏನಿಲ್ಲ. ಅದಕ್ಕೇ ಅಪ್ಪನಿಗೂ ಗೊತ್ತಾಗಲಿಲ್ಲ.

ಸೆಂಟರ್‌ಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ. ಮೊದಲು, "ಇದು ಹೀಲಿಂಗ್ ಕ್ರೈಸಿಸ್ ಮೇಡಂ, ಇಳಿಯೋ ಮುಂಚೆ ಒಂದು ಸಲ ಏರುತ್ತೆ." ಆಮೇಲೆ, "ಆಸ್ಪತ್ರೆ ಮಷೀನ್ ಸರಿ ಇರಲಿಕ್ಕಿಲ್ಲ." ಆಮೇಲೆ, "ಡ್ರಾಪ್ಸ್ ನಿಲ್ಲಿಸಿ ಅಂತ ನಾವು ಹೇಳೇ ಇಲ್ಲ. ರೆಸ್ಟ್ ಕೊಡಿ ಅಂದಿದ್ವಿ." ರೆಸ್ಟ್ ಅಂದರೆ ಏನು ಹಾಗಾದರೆ? ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿ, "ಸೈನ್ಸ್ ಇದೆ, ಓದಿ" ಅಂದರು. ಓದಿದೆ. ಕೆಲವೇ ಜನ, ಚಿಕಿತ್ಸೆ ಆದ ತಕ್ಷಣ ಅಳೆದ ಪ್ರೆಷರ್, ಅಷ್ಟೇ. ಡ್ರಾಪ್ಸ್ ಬಿಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ದುಡ್ಡು ವಾಪಸ್ ಕೇಳಿದೆ. ನಾನು ಸಹಿ ಮಾಡಿದ ಫಾರಂ ಫೋಟೋ ಬಂತು. ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಇದು ವೈದ್ಯಕೀಯ ಚಿಕಿತ್ಸೆ ಅಲ್ಲ ಅಂತ ಬರೆದಿದೆ. ಆ ದಿನ ಸುಮ್ನೆ ಸಹಿ ಹಾಕಿದ್ದೆ.

ಕುತ್ತಿಗೆ ನೋವಿಗೆ, ಸೊಂಟಕ್ಕೆ ನೀವು ಎಲ್ಲಿಗಾದರೂ ಹೋಗಿ, ನಾನು ಬೇಡ ಅನ್ನುವುದಿಲ್ಲ. ಕಣ್ಣಿನ ಡ್ರಾಪ್ಸ್ ಮಾತ್ರ ಕಣ್ಣಿನ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಉರಿ ಇದ್ದರೆ ಅವರಿಗೇ ಹೇಳಿ, ಬೇರೆ ಡ್ರಾಪ್ಸ್ ಇವೆ. ನಾವು ಆ ಒಂದು ಮಾತನ್ನು ಕೇಳಿರಲೇ ಇಲ್ಲ. ಯಾರಾದರೂ ಪ್ರೆಷರ್ ಇಳಿಯಿತು ಅಂದರೆ ಹಳೆಯ ಫೈಲ್ ತೆಗೆದು ಪಕ್ಕದಲ್ಲಿ ಇಟ್ಟು ನೋಡಿ.

ಅಪ್ಪನಿಗೆ ಈಗ ಮೂರು ಬಾಟಲಿ. ಇಳಿಯದಿದ್ದರೆ ಆಪರೇಷನ್ ಅಂದಿದ್ದಾರೆ. ರಾತ್ರಿ ಒಂಬತ್ತಕ್ಕೆ ನಾನೇ ಹಾಕುತ್ತೇನೆ.

ಆ ವೀಡಿಯೊ ಇನ್ನೂ ಅವರ ಪೇಜಿನಲ್ಲಿ ಇದೆ. ತೆಗೆಯಿರಿ ಅಂತ ನಾಲ್ಕು ಸಲ ಕೇಳಿದ್ದೇನೆ. ಚೌಕಳಿ ಶರ್ಟು ಹಾಕಿದ ವಯಸ್ಸಾದವರೊಬ್ಬರು ನಗುತ್ತಾ, "21 ಇದ್ದದ್ದು 16 ಆಯಿತು, ನನ್ನ ಮಗಳು ಕರೆದುಕೊಂಡು ಬಂದಳು" ಅನ್ನುತ್ತಾರೆ. ಅದು ನಿಮ್ಮ ಮೊಬೈಲಿಗೆ ಬಂದರೆ ನಂಬಬೇಡಿ. ಅವರೇ ನನ್ನ ಅಪ್ಪ.