ಐಟಿಐ ಎಲೆಕ್ಟ್ರಿಷಿಯನ್ನೋ, ನೇರ ಡಿಪ್ಲೊಮಾನೋ? ವೈರಿಂಗ್ ಕಲಿತು ಕಲಿಸುವ ಆಸೆ ಇರುವವರಿಗೆ

ಕಟ್ಟಡದ ವೈರಿಂಗ್ ಕಲಿಯಬೇಕು, ಮುಂದೆ ಅದನ್ನೇ ಐಟಿಐಯಲ್ಲಿ ಕಲಿಸಬೇಕು ಅನ್ನುವ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ನನ್ನ ಉತ್ತರ ಒಂದೇ. ಮೊದಲು ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್, ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾ, ಅದಾದ ಮೇಲೆ ಒಂದು ವರ್ಷದ ಸಿಐಟಿಎಸ್, ಅಂದರೆ ಐಟಿಐ ಬೋಧಕರ ತರಬೇತಿ. ನೇರ ಡಿಪ್ಲೊಮಾಕ್ಕೆ ಮೂರು ವರ್ಷ ಸಾಕು. ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿದರೆ ಒಟ್ಟು ನಾಲ್ಕು. ಆ ಹೆಚ್ಚುವರಿ ಒಂದು ವರ್ಷ ದಂಡವಲ್ಲ. ಮೂರೂ ಕಡೆ ಕೂತು ಕಲಿತ ಮೇಲೆ ಹೇಳುತ್ತಿರುವ ಮಾತಿದು.

ಡಿಪ್ಲೊಮಾದ ಬಲ ಎಲ್ಲರಿಗೂ ಗೊತ್ತಿದೆ: ಲೋಡ್ ಲೆಕ್ಕ, ಎಸ್ಟಿಮೇಷನ್, ಮೆಷಿನ್ಸ್. ಎಸ್ಕಾಂಗಳ (ವಿದ್ಯುತ್ ಸರಬರಾಜು ಕಂಪನಿಗಳ) ಜೂನಿಯರ್ ಎಂಜಿನಿಯರ್ ಹುದ್ದೆಗೆ ಅದು ಬೇಕು, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗುವುದಕ್ಕೂ ಬೇಕು. ಆದರೆ ಅಲ್ಲಿ ವೈರಿಂಗ್ ಹತ್ತಾರು ವಿಷಯಗಳಲ್ಲಿ ಒಂದು. ಐಟಿಐಯಲ್ಲಿ ಅದು ದಿನದ ಕೆಲಸ. ಇಪ್ಪತ್ತು ಜನರ ಒಂದು ಯೂನಿಟ್ಟಿನಲ್ಲಿ ಪ್ರತಿಯೊಬ್ಬರ ಕೈಗೂ ಕಟಿಂಗ್ ಪ್ಲೈಯರ್ ಬರುತ್ತದೆ. ಇನ್ಸುಲೇಷನ್ ಸುಲಿಯುವಾಗ ಎಳೆ ತುಂಡಾಗದ ಹಾಗೆ ಎಷ್ಟು ಒತ್ತಬೇಕು ಅನ್ನುವುದು ಬೆರಳಿಗೇ ತಿಳಿಯುತ್ತದೆ. (ವೈರ್‌ಮನ್ ಟ್ರೇಡ್ ಬೇರೆ. ಅದಕ್ಕೆ ಎಂಟನೇ ತರಗತಿ ಸಾಕು.)

ಇನ್ನು ಐಟಿಐಯ ದೊಡ್ಡ ತೊಡಕು. ಅಲ್ಲಿ ವೈರಿಂಗ್ ಬಹುಮಟ್ಟಿಗೆ ನಡೆಯುವುದು ಮರದ ಬೋರ್ಡಿನ ಮೇಲೆ. ಪಿವಿಸಿ ಕೇಸಿಂಗ್-ಕ್ಯಾಪಿಂಗ್ ಹೊಡೆದು, ಒಂದು ಬಲ್ಬು ಒಂದು ಸ್ವಿಚ್ಚು, ಮೆಟ್ಟಿಲಿನ ಟೂ-ವೇ (ಎರಡು ಕಡೆಯಿಂದ ಒಂದೇ ದೀಪ), ಗೋಡೌನ್ ವೈರಿಂಗ್ ಮಾಡಿ ಬಿಚ್ಚುತ್ತಾರೆ. ಬಿಚ್ಚಿದ ವೈರನ್ನೇ ಮುಂದಿನ ಬ್ಯಾಚು ಬಳಸುತ್ತದೆ. ನಾಲ್ಕೈದು ಸಲ ಸುಲಿದ 1.5 ಚದರ ಎಂಎಂ ವೈರಿನ ತುದಿಯಲ್ಲಿ ಅರ್ಧ ಎಳೆ ಉಳಿದಿರುತ್ತದೆ. ಸ್ಕ್ರೂ ಬಿಗಿ ಮಾಡಿದರೂ ಹಿಡಿತ ಬರುವುದಿಲ್ಲ, ಹುಡುಗರು ಅದನ್ನೇ ಸರಿಯಾದ ಬಿಗಿ ಎಂದು ಕಲಿಯುತ್ತಾರೆ. ಮುಂದೆ ಗೀಸರ್ ಪಾಯಿಂಟಿನಲ್ಲಿ ಹೀಗೇ ಸಡಿಲ ಬಿಟ್ಟರೆ ಟರ್ಮಿನಲ್ ಕಾದು ಸಾಕೆಟ್ಟು ಕರಗುತ್ತದೆ.

ಇನ್ನೂ ದೊಡ್ಡ ಕೊರತೆ ಕನ್ಸೀಲ್ಡ್ ಕೆಲಸ, ಅಂದರೆ ಹೊರಗೆ ಕಾಣದ ಹಾಗೆ ಮಾಡುವ ವೈರಿಂಗ್. ಇವತ್ತಿನ ಮನೆಗಳಲ್ಲಿ ಪೈಪು ಹೋಗುವುದು ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಒಳಗೆ. ಸೆಂಟ್ರಿಂಗ್ ಹಾಕಿ ಕೆಳಗಿನ ಕಂಬಿ ಕಟ್ಟಿದ ಮೇಲೆ, ಮೇಲಿನ ಕಂಬಿ ಬರುವ ಮೊದಲು ಎಲೆಕ್ಟ್ರಿಷಿಯನ್ ಹತ್ತಬೇಕು. ಫ್ಯಾನ್ ಬಾಕ್ಸುಗಳನ್ನು ಸೆಂಟ್ರಿಂಗಿಗೆ ಅಂಟಿ ಕೂರಿಸಿ, ಒಳಗೆ ಕಾಗದವನ್ನೋ ಥರ್ಮೋಕೋಲನ್ನೋ ತುರುಕಿ ಬಾಯಿ ಮುಚ್ಚಬೇಕು. 25 ಎಂಎಂ ಪೈಪನ್ನು ಕಂಬಿಗೆ ಅಡಿಗೊಂದರಂತೆ ಬೈಂಡಿಂಗ್ ವೈರಿನಲ್ಲಿ ಕಟ್ಟಬೇಕು. ಪ್ರತಿ ಜೋಡಣೆಗೂ ಸಲ್ಯೂಷನ್ (ಪೈಪಿನ ಅಂಟು) ಹಚ್ಚಬೇಕು. ಎಲ್ಬೋ ಬೇಡ, ಉದ್ದನೆಯ ಬೆಂಡ್ ಬೇಕು. ಎರಡು ಬಾಕ್ಸುಗಳ ನಡುವೆ ಎರಡಕ್ಕಿಂತ ಹೆಚ್ಚು ಬೆಂಡ್ ಬಂದರೆ ವೈರ್ ಎಳೆಯುವ ಸ್ಪ್ರಿಂಗ್ ಸಿಕ್ಕಿಕೊಳ್ಳುತ್ತದೆ.

ಸಲ್ಯೂಷನ್ ಹಚ್ಚದೆ ಬಿಟ್ಟ ಒಂದೇ ಒಂದು ಜೋಡಣೆ ಸಾಕು. ಕಾಂಕ್ರೀಟಿಗೆ ವೈಬ್ರೇಟರ್ ಇಟ್ಟಾಗ ಅದು ಬಿಡುತ್ತದೆ, ಸಿಮೆಂಟ್ ಹಾಲು ಒಳಗೆ ಇಳಿದು ಗಟ್ಟಿಯಾಗುತ್ತದೆ. ಆ ಹೊತ್ತಿಗೆ ಯಾರಿಗೂ ಕಾಣುವುದಿಲ್ಲ. ಪ್ಲಾಸ್ಟರಿಂಗ್ ಎಲ್ಲ ಮುಗಿದು ವೈರ್ ಎಳೆಯುವ ದಿನ ಗೊತ್ತಾಗುತ್ತದೆ. ಮೋಲ್ಡ್ ಒಡೆಯುವ ಹಾಗಿಲ್ಲ. ಬೇರೆ ಬಾಕ್ಸಿನಿಂದ ಸುತ್ತಿಸಿ ತರಬೇಕು, ಆಗದಿದ್ದರೆ ಹೊಸ ಮನೆಯ ಸೀಲಿಂಗಿಗೆ ಕೇಸಿಂಗ್ ಹೊಡೆಯಬೇಕು. ಅದಕ್ಕೇ ಮೋಲ್ಡ್ ಹಾಕುವ ದಿನ ಎಲೆಕ್ಟ್ರಿಷಿಯನ್ ಸ್ಥಳದಲ್ಲೇ ನಿಂತಿರಬೇಕು ಅನ್ನುವುದು. ಮರದ ಬೋರ್ಡು ಇದನ್ನು ಕಲಿಸಲಾರದು. ಡಿಪ್ಲೊಮಾ ಲ್ಯಾಬಂತೂ ಇಲ್ಲಿಗೆ ಬರುವುದೇ ಇಲ್ಲ.

ಬೋರ್ಡಿನಲ್ಲಿ ಬಾರದ ಇನ್ನೊಂದು ದೋಷ ನ್ಯೂಟ್ರಲ್ (ಕರೆಂಟು ಮರಳುವ ವೈರು) ಬೆರಕೆ. ಒಂದು ಬೋರ್ಡಿಗೆ ಒಂದೇ ಸರ್ಕ್ಯೂಟ್ ಇರುವುದರಿಂದ ಬೆರೆಯುವ ಸಂದರ್ಭವೇ ಇಲ್ಲ. ಮನೆಯಲ್ಲಿ ಎರಡು ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಸರಬರಾಜು ಕಡಿಯುವ ಸ್ವಿಚ್ಚು) ಇದ್ದು, ಒಂದರ ನ್ಯೂಟ್ರಲ್ ಯಾವುದೋ ಸ್ವಿಚ್ ಬಾಕ್ಸಿನಲ್ಲಿ ಇನ್ನೊಂದರದಕ್ಕೆ ಸೇರಿದರೆ, ಫೇಸಿನಲ್ಲಿ ಹೋದ ಕರೆಂಟು ಅದೇ ಆರ್‌ಸಿಸಿಬಿಯ ನ್ಯೂಟ್ರಲ್ಲಿನಲ್ಲಿ ಪೂರ್ತಿ ಮರಳುವುದಿಲ್ಲ. ವ್ಯತ್ಯಾಸ 30 ಮಿಲಿಆಂಪ್ ತಲುಪುವ ಮೊದಲೇ ಅದು ಬಿದ್ದುಬಿಡಬಹುದು. ಮನೆಯವರು ಆರ್‌ಸಿಸಿಬಿಯೇ ಕೆಟ್ಟಿದೆ ಎಂದು ಹೊಸದು ತರಿಸುತ್ತಾರೆ, ಅದೂ ಬೀಳುತ್ತದೆ. ಹುಡುಕುವ ಕ್ರಮ ಸರಳ: ಮೇನ್ ಆಫ್ ಮಾಡಿ, ಎಲ್ಲ ಎಂಸಿಬಿ (ಒಂದೊಂದು ಸರ್ಕ್ಯೂಟಿನ ಸ್ವಿಚ್ಚು) ಇಳಿಸಿ, ಎರಡೂ ಸರ್ಕ್ಯೂಟಿನ ನ್ಯೂಟ್ರಲ್ ವೈರುಗಳನ್ನು ಅವು ಸೇರುವ ಲಿಂಕಿನಿಂದ ಬಿಚ್ಚಿ, ಅವುಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಕಂಟಿನ್ಯುಟಿ (ಎರಡರ ನಡುವೆ ಸಂಪರ್ಕ) ತೋರಿಸಿದರೆ ಬೆರಕೆ ಇದೆ. ಆಮೇಲೆ ಸ್ವಿಚ್ ಬಾಕ್ಸುಗಳನ್ನು ಒಂದೊಂದಾಗಿ ಬಿಚ್ಚಿ ನೋಡುವುದು.

ಹಾಗಾದರೆ ಐಟಿಐ ಯಾಕೆ ಮೇಲು? ಕೈ ಕುದುರಿದವನಿಗೆ ಈ ಕೊರತೆಯನ್ನು ಸೈಟಿನಲ್ಲಿ ತುಂಬಿಕೊಳ್ಳುವುದು ಸುಲಭ. ಎರಡು ವರ್ಷದ ನಡುವಿನ ರಜೆಯಲ್ಲಿ ಒಬ್ಬ ಒಳ್ಳೆಯ ಮೇಸ್ತ್ರಿಯ ಜೊತೆ ಎರಡು ಮೋಲ್ಡಿನ ಪೈಪಿಂಗ್ ನೋಡಿದರೂ ಬಹಳ ಆಯಿತು. ಲೆಕ್ಕ ಬಂದು ಕೈ ಬಾರದ ಡಿಪ್ಲೊಮಾದವರನ್ನು ಕೋರ್ಸು ಮುಗಿಸಿದ ವಯಸ್ಸಿನಲ್ಲಿ ಸೈಟಿನವರು ಹತ್ತಿರ ಸೇರಿಸುವುದು ಕಡಿಮೆ. ಲ್ಯಾಟರಲ್ ದಾರಿಗೂ ಒಂದು ಎಚ್ಚರಿಕೆ ಇದೆ. ಮೊದಲ ವರ್ಷದ ಗಣಿತ ತಪ್ಪಿಹೋಗಿರುತ್ತದೆ. ಸೇರುವ ಮೊದಲೇ ತ್ರಿಕೋನಮಿತಿ, ಕಾಂಪ್ಲೆಕ್ಸ್ ಸಂಖ್ಯೆ ಓದಿಕೊಳ್ಳದಿದ್ದರೆ ಎಸಿ ಸರ್ಕ್ಯೂಟಿನಲ್ಲಿ ಮುಗ್ಗರಿಸುತ್ತಾರೆ.

ಕಲಿಸುವ ಕಡೆಗೆ ಬಂದರೆ, ಬಿಎಡ್ ಬೇಕೆಂದು ತಿಳಿದು ಎರಡು ವರ್ಷ ಕಳೆಯುವವರಿದ್ದಾರೆ. ಬಿಎಡ್ ಶಾಲೆಗೆ, ಅದರ 20 ವಾರದ ಇಂಟರ್ನ್‌ಶಿಪ್ಪೂ ಶಾಲೆಯಲ್ಲೇ. ಐಟಿಐ ಬೋಧಕರಿಗೆ ಬೇಕಾದದ್ದು ಸಿಐಟಿಎಸ್ ಮುಗಿಸಿದವರಿಗೆ ಸಿಗುವ ಎನ್‌ಸಿಐಸಿ ಪ್ರಮಾಣಪತ್ರ. ಎಲೆಕ್ಟ್ರಿಷಿಯನ್ ಟ್ರೇಡಿನ ಪಠ್ಯಕ್ರಮದಲ್ಲೇ ಬೋಧಕರ ಅರ್ಹತೆ ಅಚ್ಚಾಗಿದೆ: ಪದವಿಯಾದರೆ ಒಂದು ವರ್ಷ, ಡಿಪ್ಲೊಮಾ ಆದರೆ ಎರಡು, ಐಟಿಐ ಆದರೆ ಮೂರು ವರ್ಷದ ಅನುಭವ. ಎರಡು ಯೂನಿಟ್ಟಿನ ಇಬ್ಬರು ಬೋಧಕರಲ್ಲಿ ಒಬ್ಬರು ಪದವಿ ಅಥವಾ ಡಿಪ್ಲೊಮಾದವರು, ಇನ್ನೊಬ್ಬರು ಐಟಿಐ ಅಥವಾ ಅಪ್ರೆಂಟಿಸ್ ಪ್ರಮಾಣಪತ್ರದವರು ಆಗಿರಬೇಕು. ಎರಡೂ ಕೈಯಲ್ಲಿದ್ದರೆ ಎರಡೂ ಜಾಗಕ್ಕೆ ಅರ್ಜಿ ಹಾಕಬಹುದು. ನಾಲ್ಕನೇ ವರ್ಷದ ಬೆಲೆ ಇಲ್ಲಿದೆ.

ಸಿಐಟಿಎಸ್ ಅನ್ನು ಮನಸಾರೆ ಮೆಚ್ಚುತ್ತೇನೆ. ಒಂದು ಕೆಲಸವನ್ನು ಹಂತಗಳಾಗಿ ಒಡೆದು ಜಾಬ್ ಶೀಟ್ ಬರೆಯುವುದು, ಪ್ರಾತ್ಯಕ್ಷಿಕೆಯಲ್ಲಿ ಕೈ ಎಲ್ಲರಿಗೂ ಕಾಣುವಂತೆ ನಿಲ್ಲುವುದು, ತಪ್ಪಾಗುವ ಜಾಗವನ್ನು ಮೊದಲೇ ಗುರುತಿಸುವುದು ಅಲ್ಲಿ ಬರುತ್ತದೆ. ಅಭ್ಯಾಸ ಪಾಠಕ್ಕೆ ಮೆಟ್ಟಿಲಿನ ಟೂ-ವೇ ಆರಿಸಬೇಡಿ. ನಾಲ್ಕು ಅಡಿ ಚೌಕದ ಕಂಬಿಯ ಜಾಲ, ಎರಡು ಫ್ಯಾನ್ ಬಾಕ್ಸು, ಒಂದು ಉದ್ದ ಪೈಪು, ಎರಡು ಬೆಂಡು, ಒಂದು ಡಬ್ಬ ಸಲ್ಯೂಷನ್ ಇದ್ದರೆ ಮೋಲ್ಡ್ ಪೈಪಿಂಗನ್ನು ತರಗತಿಯಲ್ಲೇ ತೋರಿಸಬಹುದು.

ವೈರಿಂಗ್ ಕೆಲಸ ಮಾಡುವ ಪರ್ಮಿಟ್ಟಿನ ಮಾತು ಒಂದೇ ಸಾಲು: ಕೋರ್ಸಿನ ಸರ್ಟಿಫಿಕೇಟೇ ಪರ್ಮಿಟ್ ಅಲ್ಲ, ಅದನ್ನು ವಿದ್ಯುತ್ ಪರಿವೀಕ್ಷಣಾಲಯದಿಂದ ಬೇರೆಯಾಗಿ ಪಡೆಯಬೇಕು.

ನನಗೆ ಮೊದಲು ಮಾಡಿ ಆಮೇಲೆ ಓದುವ ಅಭ್ಯಾಸ, ಖರ್ಚಿನಲ್ಲಿ ಸರ್ಕಾರಿ ಸೀಟಿನಾಚೆ ನೋಡುವವನಲ್ಲ. ಹಾಗಾಗಿ ತೀರ್ಪು ಐಟಿಐ ಕಡೆ ವಾಲುತ್ತದೆ. ಬಿಇ ಮಾಡಿ ಡಿಸೈನ್ ಕಚೇರಿಯಲ್ಲಿ ಕೂರುವ ಮನಸ್ಸಿದ್ದರೆ ನೇರ ಡಿಪ್ಲೊಮಾಕ್ಕೇ ಹೋಗಿ. ಐಟಿಐ ಆರಿಸುವವರು ಅರ್ಜಿ ಹಾಕುವ ಮೊದಲು ವೈರಿಂಗ್ ಕೋಣೆಗೆ ಹೋಗಿ, ಅಭ್ಯಾಸದ ವೈರಿನ ತುದಿ ಹಿಡಿದು ಎಳೆ ಎಣಿಸಿ. ಗೋಡೆ ಕೊರೆದು ಪೈಪು ಕೂರಿಸಿದ ಒಂದಾದರೂ ಜಾಗ ಅಲ್ಲಿದೆಯೇ ನೋಡಿ.