ಮೊದಲ ಎಫ್‌ಪಿವಿ ಕ್ವಾಡ್‌ನ ಬಿಡಿಭಾಗ: ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಬಿಚ್ಚಬೇಕು

ಐದು ಇಂಚಿನ ಪ್ರೊಪೆಲ್ಲರ್‌ನ ಎಫ್‌ಪಿವಿ ಕ್ವಾಡ್, ಅಂದರೆ ಕ್ಯಾಮೆರಾ ಕಳಿಸುವ ಚಿತ್ರವನ್ನು ಗಾಗಲ್‌ನಲ್ಲಿ ನೋಡುತ್ತ ಹಾರಿಸುವ ನಾಲ್ಕು ಮೋಟರ್‌ನ ಡ್ರೋನ್, ಕಟ್ಟಲು ಹೊರಟವರ ಕಣ್ಣು ಮೊದಲು ಹೋಗುವುದು ಫ್ರೇಮ್ ಮತ್ತು ಮೋಟರ್ ಮೇಲೆ. ದುಡ್ಡು ಹೆಚ್ಚಾಗಿ ಕರಗುವುದು ಬೇರೆ ಕಡೆ. ರೇಡಿಯೋ, ಗಾಗಲ್, ಚಾರ್ಜರ್, ಸೋಲ್ಡರಿಂಗ್ ಐರನ್, ಹೀಗೆ ನೆಲದಲ್ಲೇ ಉಳಿಯುವ ಸಾಮಾನಿಗೇ ಒಟ್ಟು ಖರ್ಚಿನ ಹೆಚ್ಚುಕಡಿಮೆ ಅರ್ಧ ಬೇಕು. ಕ್ವಾಡ್ ಎಷ್ಟು ಸಲ ಬಿದ್ದು ಮುರಿದರೂ ಇವು ಕೈಯಲ್ಲಿರುತ್ತವೆ. ಅದಕ್ಕೇ ಇಲ್ಲಿ ಒಂದೊಂದು ಭಾಗವನ್ನು ಬಿಡಿಯಾಗಿ ತೂಗದೆ, ಕಡಿಮೆ ಬಜೆಟ್‌ನ ಒಂದು ಇಡೀ ಜೋಡಣೆಯನ್ನು ನೋಡಿದ್ದೇವೆ: ಟಿಬಿಎಸ್ ಸೋರ್ಸ್ ಒನ್ ಫ್ರೇಮ್, ಸ್ಪೀಡಿಬೀ ಎಫ್405 ವಿ3 ಸ್ಟ್ಯಾಕ್, ಇಮ್ಯಾಕ್ಸ್ ಇಕೋ 2 ಸರಣಿಯ ಮೋಟರ್, ರೇಡಿಯೋಮಾಸ್ಟರ್ ಪಾಕೆಟ್ ಮತ್ತು ಆರ್‌ಪಿ1 ರಿಸೀವರ್, ಅನಲಾಗ್ ವಿಡಿಯೋ, 4ಎಸ್ (ನಾಲ್ಕು ಸೆಲ್ ಸರಣಿಯಲ್ಲಿರುವ) ಬ್ಯಾಟರಿ.

ಮೊದಲು ಕೊಳ್ಳಬೇಕಾದದ್ದು ರೇಡಿಯೋ. ಪಾಕೆಟ್ ಚಿಕ್ಕದಾದರೂ ಗಿಂಬಲ್‌ಗಳು (ಹೆಬ್ಬೆರಳಿನಿಂದ ಆಡಿಸುವ ಕಡ್ಡಿಗಳು) ಅಯಸ್ಕಾಂತದಿಂದ ಚಲನೆ ಅಳೆಯುವ ಹಾಲ್ ಸೆನ್ಸರ್‌ನವು, ಬೇಗ ಸವೆಯುವುದಿಲ್ಲ. ಯುಎಸ್‌ಬಿ-ಸಿ ಕೇಬಲ್ ಚುಚ್ಚಿದರೆ ಕಂಪ್ಯೂಟರ್‌ಗೆ ಜಾಯ್‌ಸ್ಟಿಕ್ ಆಗುತ್ತದೆ, ಉಳಿದ ಸಾಮಾನು ಬರುವಷ್ಟರಲ್ಲಿ ಸಿಮ್ಯುಲೇಟರ್‌ನಲ್ಲಿ ಹತ್ತಿಪ್ಪತ್ತು ಗಂಟೆ ಕೈ ಪಳಗಿಸಿಕೊಳ್ಳಬಹುದು. ಆ ಗಂಟೆಗಳು ಉಳಿಸುವ ಪ್ರೊಪೆಲ್ಲರ್ ಮತ್ತು ತೋಳುಗಳ ಲೆಕ್ಕ ಹಾಕಿದರೆ ಇದಕ್ಕಿಂತ ಲಾಭದ ಖರೀದಿ ಇನ್ನೊಂದಿಲ್ಲ. ಎರಡು ವಿಷಯ ನೆನಪಿರಲಿ. ಪಾಕೆಟ್ ಇಎಲ್‌ಆರ್‌ಎಸ್ ಮತ್ತು ಸಿಸಿ2500 ಎಂಬ ಎರಡು ಬಗೆಯ ರೇಡಿಯೋ ಸಂಪರ್ಕದಲ್ಲಿ ಸಿಗುತ್ತದೆ. ಆರ್‌ಪಿ1 ಜೊತೆ ಮಾತಾಡುವುದು ಇಎಲ್‌ಆರ್‌ಎಸ್ ಮಾತ್ರ. ಅದಕ್ಕೆ ಹಾಕುವ ಎರಡು 18650 ಲಿಥಿಯಂ ಸೆಲ್‌ಗಳನ್ನು ಬೇರೆಯಾಗಿ ಕೊಳ್ಳಬೇಕು.

ಇಡೀ ಜೋಡಣೆಯ ಹೃದಯ ಸ್ಟ್ಯಾಕ್, ಅಂದರೆ ಫ್ಲೈಟ್ ಕಂಟ್ರೋಲರ್ ಮತ್ತು ನಾಲ್ಕೂ ಮೋಟರ್ ಓಡಿಸುವ ಒಂದೇ ಹಲಗೆಯ ಇಎಸ್‌ಸಿ. ಕಾಸು ಉಳಿಸಲು ಹೆಸರಿಲ್ಲದ 30 ಆಂಪಿಯರ್ ಇಎಸ್‌ಸಿ ಹಾಕುವವರಿದ್ದಾರೆ. ಪ್ರೊಪೆಲ್ಲರ್ ಹುಲ್ಲಿಗೆ ಸಿಕ್ಕಿ ಮೋಟರ್ ತಡೆದು ನಿಂತ ಕ್ಷಣದಲ್ಲಿ ಕರೆಂಟ್ ಒಮ್ಮೆಲೇ ಏರುತ್ತದೆ, ಕರೆಂಟ್ ಹಾಯಿಸುವ ಮಾಸ್ಫೆಟ್ ಚಿಪ್ ಸುಡುತ್ತದೆ, ಒಂದು ಮೂಲೆ ಸುಟ್ಟರೆ ಇಡೀ ಹಲಗೆ ಹೋದಂತೆ. ಸ್ಪೀಡಿಬೀ ವಿ3 ಇಎಸ್‌ಸಿ 50 ಆಂಪಿಯರ್‌ನದು, 3ಎಸ್‌ನಿಂದ 6ಎಸ್‌ವರೆಗೆ ನಡೆಯುತ್ತದೆ. ಮುಂದೆ 6ಎಸ್‌ಗೆ ಹೋಗುವಾಗ ಮೋಟರ್, ಬ್ಯಾಟರಿ ಬದಲಿಸಿದರೆ ಸಾಕು. ಬ್ಲೂಟೂತ್ ಇರುವುದರಿಂದ ಮೈದಾನದಲ್ಲೇ ಫೋನ್‌ನಿಂದ ಸೆಟ್ಟಿಂಗ್ ತಿದ್ದಬಹುದು. 4.5 ವೋಲ್ಟ್ ಪ್ಯಾಡ್‌ಗಳಿಗೆ ಯುಎಸ್‌ಬಿಯಿಂದಲೂ ವಿದ್ಯುತ್ ಬರುತ್ತದೆ. ರಿಸೀವರ್ ಅಲ್ಲಿ ಬೆಸೆದರೆ ರೇಡಿಯೋ ಜೊತೆ ಬೈಂಡ್ ಮಾಡಲು (ಜೋಡಿಸಲು) ಲಿಪೋ ಬ್ಯಾಟರಿ ಚುಚ್ಚುವ ಅಗತ್ಯವೇ ಇಲ್ಲ. ಹೊಸಬರಿಗೆ ಇದು ದೊಡ್ಡ ನೆಮ್ಮದಿ.

ಕೊರತೆಯೂ ಇದೆ. ಈ ಇಎಸ್‌ಸಿ ಬರುವುದು ಬಿಎಲ್‌ಹೆಲಿ_ಎಸ್ ಫರ್ಮ್‌ವೇರ್‌ನಲ್ಲಿ. ಫ್ಲೈಟ್ ಕಂಟ್ರೋಲರ್ ನಡೆಸುವ ಬೀಟಾಫ್ಲೈಟ್ ಸಾಫ್ಟ್‌ವೇರ್‌ನಲ್ಲಿ ಮೋಟರ್ ಕಂಪನ ಸೋಸುವ ಆರ್‌ಪಿಎಂ ಫಿಲ್ಟರ್ ಇದೆ. ಅದಕ್ಕೆ ಬೇಕಾದ ಬೈಡೈರೆಕ್ಷನಲ್ ಡಿಶಾಟ್, ಅಂದರೆ ಮೋಟರ್ ವೇಗವನ್ನು ವಾಪಸ್ ತಿಳಿಸುವ ಸಂಕೇತ, ಈ ಫರ್ಮ್‌ವೇರ್‌ನಲ್ಲಿ ಇಲ್ಲ. ಬ್ಲೂಜೇ ಎಂಬ ಉಚಿತ ಫರ್ಮ್‌ವೇರ್ ಹಾಕಿದರೆ ಸಿಗುತ್ತದೆ. ಹಾಕುವ ಮುನ್ನ ಇಎಸ್‌ಸಿಯಿಂದ ಓದಿದ ಟಾರ್ಗೆಟ್ (ಹಲಗೆಯ ಮಾದರಿ) ಹೆಸರನ್ನು ಬರೆದಿಟ್ಟುಕೊಂಡು ಅದನ್ನೇ ಆರಿಸಬೇಕು. ಬೇರೆ ಟಾರ್ಗೆಟ್ ಹಾಕಿದರೆ ಹಲಗೆ ಸುಡಬಹುದು. ಆಮೇಲೆ ಬೀಟಾಫ್ಲೈಟ್‌ನಲ್ಲಿ ಡಿಶಾಟ್300, ಮೋಟರ್ ಪೋಲ್ (ಅಯಸ್ಕಾಂತಗಳ ಸಂಖ್ಯೆ) 14 ಎಂದು ಆರಿಸಿ. ಈ ಅರ್ಧ ಗಂಟೆಯ ಕೆಲಸದಿಂದ ಓಲಾಟ ಅಳೆಯುವ ಗೈರೋ ಸೆನ್ಸರ್‌ಗೆ ಬರುವ ಮೋಟರ್ ಗದ್ದಲ ಸೋಸಿಹೋಗಿ, ಅಗ್ಗದ ಮೋಟರ್ ಹಾಕಿದ ಕ್ವಾಡ್ ಕೂಡ ನಯವಾಗಿ ಹಾರುತ್ತದೆ.

ಮೋಟರ್ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಇಕೋ 2 ಸರಣಿಯ 2306 ಅಳತೆಯ ಮೋಟರ್‌ಗೂ ಅದರ ದುಪ್ಪಟ್ಟು ಬೆಲೆಯ ಮೋಟರ್‌ಗೂ ಇರುವ ಅಂತರ ಮೊದಲ ಆರು ತಿಂಗಳ ಹಾರಾಟದಲ್ಲಿ ಗೊತ್ತಾಗುವುದಿಲ್ಲ. ನೋಡಬೇಕಾದದ್ದು ಕೆವಿ, ಅಂದರೆ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ. ತುಂಬಿದ 4ಎಸ್ 16.8 ವೋಲ್ಟ್, 2400 ಕೆವಿಯಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 40,300 ಸುತ್ತು. 6ಎಸ್‌ನ 25.2 ವೋಲ್ಟ್‌ಗೆ 1700 ಕೆವಿ ಹಾಕಿದರೆ 42,800ರ ಹತ್ತಿರ, ಅಂದರೆ ಸರಿಸುಮಾರು ಅಷ್ಟೇ. 2400 ಕೆವಿ ಮೋಟರ್‌ಗೆ 6ಎಸ್ ಚುಚ್ಚಿದರೆ ಲೆಕ್ಕ 60,000 ದಾಟುತ್ತದೆ, ಥ್ರಾಟಲ್ ಎತ್ತಿದಾಗ ಮೋಟರೋ ಇಎಸ್‌ಸಿಯೋ ಹೊಗೆಯಾಡುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೋಟರ್ ಮೈಮೇಲಿನ ಅಂಕಿ ಓದದೆ ದುಡ್ಡು ಕೊಡಬೇಡಿ.

ಫ್ರೇಮ್‌ನಲ್ಲೂ ಉಳಿಸಬಹುದು. ಸೋರ್ಸ್ ಒನ್ ವಿನ್ಯಾಸವೇ ಮುಕ್ತವಾಗಿರುವುದರಿಂದ ಬದಲಿ ತೋಳು ಸುಲಭವಾಗಿ ಸಿಗುತ್ತದೆ. ಬೀಳುವುದು ಖಚಿತವಾದ ಕ್ವಾಡ್‌ಗೆ ಅಂದಕ್ಕಿಂತ ಅದು ಮುಖ್ಯ. ಮೋಟರ್ ಸ್ಕ್ರೂ ಉದ್ದದ ಬಗ್ಗೆ ಮಾತ್ರ ಎಚ್ಚರ. ತೋಳು 6 ಮಿ.ಮೀ. ದಪ್ಪ ಇದ್ದರೆ ಎಂ3 ಸ್ಕ್ರೂ 8 ಮಿ.ಮೀ. ಸಾಕು. 10 ಮಿ.ಮೀ. ಹಾಕಿದರೆ ತುದಿ ಸುರುಳಿಯ ತಂತಿಗೆ ತಾಗಿ ಮೇಲಿನ ಲೇಪನ ಕೆರೆಯಬಹುದು, ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತುವಾದ್ದರಿಂದ ಶಾರ್ಟ್ ಇಡೀ ಫ್ರೇಮ್‌ಗೆ ಹಬ್ಬುತ್ತದೆ. ಸ್ಕ್ರೂ ಬಿಗಿದ ಮೇಲೆ ಬೀಪ್ (ಕಂಟಿನ್ಯುಟಿ) ಮೋಡ್‌ನಲ್ಲಿಟ್ಟ ಮಲ್ಟಿಮೀಟರ್‌ನ ಒಂದು ಕಡ್ಡಿ ಸ್ಕ್ರೂಗೆ, ಇನ್ನೊಂದು ಮೋಟರ್ ತಂತಿಗೆ ಹಿಡಿಯಿರಿ. ಬೀಪ್ ಬರಬಾರದು.

ಇನ್ನು ಸೋಲ್ಡರಿಂಗ್. ಒಳ್ಳೆಯ ಭಾಗ ತಂದವರ ಕ್ವಾಡ್ ಕೂಡ ಕೆಡುವುದು ಹೆಚ್ಚಾಗಿ ಇಲ್ಲೇ. ಇಎಸ್‌ಸಿಯ ಬ್ಯಾಟರಿ ಪ್ಯಾಡ್ ನೋಡಲು ಬೆರಳ ಉಗುರಿನಷ್ಟು, ಆದರೆ ಅದರ ಕೆಳಗೆ ಹಲಗೆಯ ಪದರ ಪದರದಲ್ಲೂ ತಾಮ್ರ ಹರಡಿದೆ, ಐರನ್ನಿನ ಶಾಖವನ್ನೆಲ್ಲ ಅದು ಹೀರಿಕೊಳ್ಳುತ್ತದೆ. 25 ವ್ಯಾಟಿನ ಸೂಜಿಮೊನೆ ಐರನ್ ಇಟ್ಟರೆ ಸೀಸ (ಸೋಲ್ಡರ್) ಮೇಲೆ ಮುದ್ದೆಯಾಗಿ ಕೂರುತ್ತದೆ, ಪ್ಯಾಡ್‌ಗೆ ಹಿಡಿಯುವುದಿಲ್ಲ, ಹಾರುವಾಗ ಕಿತ್ತು ಬರುತ್ತದೆ. ತಾಪ ನಿಯಂತ್ರಣ ಇರುವ 60 ವ್ಯಾಟಿನ ಐರನ್, ಉಳಿಯಂತೆ ಚಪ್ಪಟೆ ಮೊನೆ, 380 ಡಿಗ್ರಿಯ ಆಸುಪಾಸು, 63/37 ರೋಸಿನ್ ಕೋರ್ ಸೀಸ, ಜೊತೆಗೆ ಒಂದಿಷ್ಟು ಫ್ಲಕ್ಸ್ ಬೇಕು. ಮೊದಲು ಪ್ಯಾಡ್ ಮೇಲೆ ಸೀಸ ಹರಿಸಿ, ಆಮೇಲೆ ತಂತಿಯ ತುದಿಗೆ ಸೀಸ ಕುಡಿಸಿ, ಕೊನೆಗೆ ಎರಡನ್ನೂ ಒತ್ತಿಹಿಡಿದು ಕರಗಿಸಿ. ಸರಿಯಾದ ಬೆಸುಗೆ ಹೊಳೆಯುತ್ತದೆ, ಅಂಚು ಇಳಿಜಾರಾಗಿ ಪ್ಯಾಡ್ ಜೊತೆ ಬೆರೆತಿರುತ್ತದೆ. ಮಂಕಾಗಿ ಗುಂಡಗಿದ್ದರೆ ಮತ್ತೆ ಮಾಡಿ. ಸ್ಟ್ಯಾಕ್ ಜೊತೆ ಬರುವ 35 ವೋಲ್ಟ್, 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು ಅದೇ ಪ್ಯಾಡ್‌ಗಳಿಗೆ ಆದಷ್ಟು ಗಿಡ್ಡ ಕಾಲಿನಲ್ಲಿ ಬೆಸೆಯಿರಿ, ಪಟ್ಟೆ ಇರುವ ಕಡೆ ನೆಗೆಟಿವ್. ಅದನ್ನು ಹಾಕದೆ ಬಿಟ್ಟರೆ ವಿಡಿಯೋದಲ್ಲಿ ಗೆರೆ ಓಡುತ್ತವೆ, ವೋಲ್ಟೇಜ್ ಜಿಗಿತಕ್ಕೆ ಹಲಗೆಯೂ ಬಲಿಯಾಗುತ್ತದೆ.

ಮೊದಲ ಸಲ ಬ್ಯಾಟರಿ ಚುಚ್ಚುವ ಮುನ್ನ ಎಕ್ಸ್‌ಟಿ60 ಬ್ಯಾಟರಿ ಕನೆಕ್ಟರ್‌ನ ಎರಡೂ ಕಾಲಿಗೆ ಮಲ್ಟಿಮೀಟರ್ ಹಿಡಿಯಿರಿ. ಕೆಪ್ಯಾಸಿಟರ್ ತುಂಬುವಾಗ ಒಂದು ಕ್ಷಣ ಬೀಪ್ ಬಂದು ನಿಂತರೆ ಸರಿ, ನಿಲ್ಲದಿದ್ದರೆ ಶಾರ್ಟ್. ಆಮೇಲೆ ಬ್ಯಾಟರಿಗೂ ಕ್ವಾಡ್‌ಗೂ ನಡುವೆ ಸ್ಮೋಕ್ ಸ್ಟಾಪರ್ ಇಡಿ, ಶಾರ್ಟ್ ಇದ್ದರೆ ಅದು ಕರೆಂಟ್ ತಡೆಯುತ್ತದೆ. 4ಎಸ್‌ಗೆ ಆಟೋಮೊಬೈಲ್ ಅಂಗಡಿಯ 12 ವೋಲ್ಟ್, 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಪಾಸಿಟಿವ್ ತಂತಿಯ ನಡುವೆ ಸರಣಿಯಲ್ಲಿ ಸೇರಿಸಿದರೂ ಆಗುತ್ತದೆ. ಬಲ್ಬ್ ಮಿಂಚಿ ಆರಿದರೆ ಸರಿ, ಪ್ರಖರವಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಕಿತ್ತುಬಿಡಿ. ಪ್ರೊಪೆಲ್ಲರ್ ಹಾಕುವುದು ಎಲ್ಲ ಮುಗಿದ ಮೇಲೆ, ಮನೆಯ ಹೊರಗೆ. ಬೆಂಗಳೂರಿನವರಿಗೆ ಸೀಸ, ಕನೆಕ್ಟರ್, ಹೀಟ್‌ಶ್ರಿಂಕ್, ಸಿಲಿಕೋನ್ ತಂತಿ ಎಲ್ಲವೂ ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ. ಇವಕ್ಕೆ ಕೊರಿಯರ್ ಖರ್ಚು ಯಾಕೆ?

ರಿಸೀವರ್‌ಗೆ ನಾಲ್ಕೇ ತಂತಿ. ಎರಡು ವಿದ್ಯುತ್‌ಗೆ. ಉಳಿದೆರಡರಲ್ಲಿ ಅದರ ಟಿಎಕ್ಸ್ (ಕಳಿಸುವುದು) ಹಲಗೆಯ ಆರ್2ಗೆ, ಆರ್‌ಎಕ್ಸ್ (ಪಡೆಯುವುದು) ಟಿ2ಗೆ. ಬೀಟಾಫ್ಲೈಟ್‌ನಲ್ಲಿ ಪ್ರೋಟೋಕಾಲ್ ಸಿಆರ್‌ಎಸ್‌ಎಫ್. ಬೈಂಡ್ ಆಗದಿದ್ದರೆ ರೇಡಿಯೋ ಮತ್ತು ರಿಸೀವರ್ ಎರಡರಲ್ಲೂ ಇಎಲ್‌ಆರ್‌ಎಸ್ ಆವೃತ್ತಿ ನೋಡಿ. ಒಂದು 2, ಇನ್ನೊಂದು 3 ಇದ್ದರೆ ಎಷ್ಟು ಹೊತ್ತು ಕೂತರೂ ಕೂಡುವುದಿಲ್ಲ.

ವಿಡಿಯೋಗೆ ಡಿಜೆಐ, ವಾಕ್‌ಸ್ನೇಲ್ ಕಂಪನಿಗಳ ಡಿಜಿಟಲ್ ಚಿತ್ರ ಸೊಗಸು ನಿಜ. ಆದರೆ ಕ್ವಾಡ್ ಮೇಲೆ ಕೂರುವ ಅವುಗಳ ಏರ್ ಯೂನಿಟ್ ಅನಲಾಗ್‌ಗಿಂತ ದುಬಾರಿ. ಮೊದಲ ಕ್ವಾಡ್ ಮರಕ್ಕೆ, ಕೆರೆಗೆ ಹೋಗುವ ಸಾಧ್ಯತೆ ಹೆಚ್ಚು. ಅನಲಾಗ್ ಸಾಕು. ಈಚೀನ್ ಇವಿ800ಡಿ ಗಾಗಲ್ ದೊಡ್ಡ ಪೆಟ್ಟಿಗೆ, ಮುಂದಕ್ಕೆ ಭಾರ, ರೆಕಾರ್ಡಿಂಗ್ ಮಸುಕು. ಆದರೂ ಎರಡು ರಿಸೀವರ್ ಮತ್ತು ಒಳಗೇ ಬ್ಯಾಟರಿ ಇದೆ. ವಿಟಿಎಕ್ಸ್ (ಚಿತ್ರ ಕಳಿಸುವ ಟ್ರಾನ್ಸ್‌ಮಿಟರ್) ಕೊಳ್ಳುವಾಗ ವೋಲ್ಟೇಜ್ ಓದಿ, 5 ವೋಲ್ಟ್ ಮಾತ್ರ ತಾಳುವುದಕ್ಕೆ 9 ವೋಲ್ಟ್ ಪ್ಯಾಡ್ ಕೊಟ್ಟರೆ ಮುಗಿಯಿತು. ಆಂಟೆನಾ ಇಲ್ಲದೆ ಒಂದು ನಿಮಿಷವೂ ಆನ್ ಮಾಡಬೇಡಿ. ಎರಡೂ ತುದಿಯ ಆಂಟೆನಾ ಒಂದೇ ಬಗೆಯಾಗಿರಲಿ, ಒಂದು ಆರ್‌ಎಚ್‌ಸಿಪಿ (ತರಂಗ ಬಲಕ್ಕೆ ಸುತ್ತುವುದು), ಇನ್ನೊಂದು ಎಲ್‌ಎಚ್‌ಸಿಪಿ (ಎಡಕ್ಕೆ ಸುತ್ತುವುದು) ಆದರೆ ದೂರ ಕುಸಿಯುತ್ತದೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ ಆವರ್ತನ ಪಟ್ಟಿ 5875 ಮೆಗಾಹರ್ಟ್ಸ್‌ಗೆ ಮುಗಿಯುವುದರಿಂದ ರೇಸ್‌ಬ್ಯಾಂಡ್ ಎಂಬ ಚಾನೆಲ್ ಸಾಲಿನ 7 (5880) ಮತ್ತು 8 (5917) ಬಿಟ್ಟುಬಿಡಿ.

ಬ್ಯಾಟರಿ 4ಎಸ್ 1500 ಎಂಎಎಚ್, ಕನಿಷ್ಠ ಮೂರು. ಒಂದಕ್ಕೆ ಮೂರರಿಂದ ಐದು ನಿಮಿಷ. ಸೆಲ್‌ಗೆ 3.5 ವೋಲ್ಟ್ ಬಂದಾಗ ಇಳಿಸಿ, ಚಾರ್ಜ್ 1.5 ಆಂಪಿಯರ್‌ನಲ್ಲಿ ಮಾಡಿ, ಎರಡು ದಿನ ಹಾರಿಸದಿದ್ದರೆ 3.8ಕ್ಕೆ ತಂದಿಡಿ. ಟೂಲ್‌ಕಿಟ್‌ಆರ್‌ಸಿ ಎಂ6 ಒಳ್ಳೆಯ ಚಾರ್ಜರ್, ಆದರೆ ನೇರವಾಗಿ ಗೋಡೆಯ ಪ್ಲಗ್‌ಗೆ ಹೋಗುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಅದಕ್ಕೆ ಹೊಂದುತ್ತದೆ.

ವಿದೇಶದಿಂದ ಪೂರ್ತಿ ಕಿಟ್ ತರಿಸುವ ಯೋಚನೆ ಬೇಡ. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನ್ ಮತ್ತು ಜೋಡಿಸುವ ಕಿಟ್ ಎರಡರ ಆಮದಿಗೂ ನಿಷೇಧವಿದೆ, ಬಿಡಿಭಾಗಗಳಿಗಿಲ್ಲ. ಬ್ಯಾಟರಿ ಸೇರಿ ಈ ಕ್ವಾಡ್ 600 ಗ್ರಾಂ ಆಸುಪಾಸು ತೂಗುವುದರಿಂದ 2021ರ ಡ್ರೋನ್ ನಿಯಮಗಳ ಪ್ರಕಾರ ಮೈಕ್ರೋ ವರ್ಗ. ಹವ್ಯಾಸಕ್ಕೆ ಪೈಲಟ್ ಪರವಾನಗಿ ಬೇಡ, ಹಾರಿಸುವ ಜಾಗದ ವಾಯುವಲಯ ನಕ್ಷೆ ಮಾತ್ರ ನೋಡಲೇಬೇಕು. ಯಲಹಂಕ, ಜಕ್ಕೂರು, ಎಚ್‌ಎಎಲ್ ವಿಮಾನ ನೆಲೆಗಳ ಸುತ್ತಮುತ್ತ ಮನೆ ಇರುವವರಿಗೆ ಮೈದಾನ ದೂರವೇ.

ಮೊದಲ ಆರ್ಡರ್‌ನಲ್ಲೇ ಸೇರಿಸಬೇಕಾದ ಬಿಡಿ ಸಾಮಾನು: ಪ್ರೊಪೆಲ್ಲರ್ ಹತ್ತು ಜೊತೆ, ಒಂದು ಮೋಟರ್, ಎರಡು ತೋಳು, ಬ್ಯಾಟರಿ ಪಟ್ಟಿ ಎರಡು, ಪ್ರೊಪೆಲ್ಲರ್ ಬಿಗಿಯುವ ಎಂ5 ಲಾಕ್‌ನಟ್ ಒಂದು ಹಿಡಿ.