ಮಕ್ಕಳೊಂದಿಗೆ, ರಾತ್ರಿ ಕಾರ್ಯಕ್ರಮದಲ್ಲಿ ಅಥವಾ ವಾರದ ನಡುವಿನ ಮಧ್ಯಾಹ್ನ: ದೊಡ್ಡವರ ವಿಜ್ಞಾನ ಮ್ಯೂಸಿಯಂ ಭೇಟಿ

ಮುಟ್ಟಿ, ತಿರುಗಿಸಿ, ಒತ್ತಿ ನೋಡುವ ವಿಜ್ಞಾನ ಮ್ಯೂಸಿಯಂಗಳು ಮಕ್ಕಳಿಗೆ ಮೀಸಲು ಎಂಬ ಭಾವನೆ ಎಷ್ಟು ಗಟ್ಟಿಯಾಗಿದೆಯೆಂದರೆ, ಜೊತೆಯಲ್ಲಿ ಮಗುವಿಲ್ಲದೆ ಟಿಕೆಟ್ ಕೊಳ್ಳಲು ದೊಡ್ಡವರು ಸಂಕೋಚಪಡುತ್ತಾರೆ. ಈ ಸಂಕೋಚವನ್ನು ಮ್ಯೂಸಿಯಂಗಳೂ ಬಲ್ಲವು. ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಥಾಪಿಸಿದ ಎಕ್ಸ್‌ಪ್ಲೊರೇಟೋರಿಯಂ ಗುರುವಾರದ ರಾತ್ರಿಗಳನ್ನು 18 ವರ್ಷ ದಾಟಿದವರಿಗೆಂದೇ ತೆರೆದಿಡುತ್ತದೆ; ಲಂಡನ್ನಿನ ಸೈನ್ಸ್ ಮ್ಯೂಸಿಯಂ ಕೂಡ ಇಂಥ ರಾತ್ರಿಗಳನ್ನು ಏರ್ಪಡಿಸುತ್ತ ಬಂದಿದೆ. ಹೀಗಾಗಿ ವಯಸ್ಕರಿಗೆ ಮೂರು ದಾರಿಗಳಿವೆ: ರಜಾದಿನದಲ್ಲಿ ಮಗುವಿನೊಂದಿಗೆ ಹೋಗುವುದು, ವಯಸ್ಕರ ರಾತ್ರಿಗೆ ಹೋಗುವುದು, ಇಲ್ಲವೇ ವಾರದ ನಡುವೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳುವುದು. ಬೇರೆ ಬೇರೆ ಮ್ಯೂಸಿಯಂಗಳಲ್ಲಿ ಮೂರನ್ನೂ ಪರೀಕ್ಷಿಸಿದ ನನಗೆ ಮುಖ್ಯವೆನಿಸಿದ ಅಳತೆ ಒಂದೇ: ಒಂದು ಪ್ರಯೋಗದ ಮುಂದೆ ಎಷ್ಟು ಹೊತ್ತು ನಿಲ್ಲಲು ಸಾಧ್ಯವಾಯಿತು ಎಂಬುದು.

ರಾತ್ರಿ ಕಾರ್ಯಕ್ರಮದ ದೊಡ್ಡ ಗುಣವೆಂದರೆ ಅಲ್ಲಿ ಯಾರಿಗೂ ನಾಚಿಕೆಯಿಲ್ಲ. ತಿರುಗುವ ಸ್ಟೂಲಿನ ಮೇಲೆ ಕುಳಿತು, ಜೋರಾಗಿ ಸುತ್ತುತ್ತಿರುವ ಸೈಕಲ್ ಚಕ್ರವನ್ನು ಎರಡೂ ಕೈಗಳಲ್ಲಿ ಹಿಡಿದು ವಾಲಿಸಿದಾಗ ತಾವೇ ಸುತ್ತತೊಡಗುವ ಗಂಭೀರ ಮುಖದ ಮಂದಿಯನ್ನು ನೋಡುವುದೂ ಒಂದು ಸೊಗಸು. ಆದರೆ ಬಂದವರಲ್ಲಿ ಹೆಚ್ಚಿನವರು ಗೆಳೆಯರ ಕೂಟಕ್ಕೆ ಬಂದವರು. ಸಂಗೀತ ಮತ್ತು ಮಾತಿನ ಗದ್ದಲದಲ್ಲಿ ಶಬ್ದಕ್ಕೆ ಸಂಬಂಧಿಸಿದ ಪ್ರಯೋಗಗಳು ಹೆಚ್ಚುಕಡಿಮೆ ವ್ಯರ್ಥವಾಗುತ್ತವೆ. ಹಜಾರದ ಎರಡು ತುದಿಗಳಲ್ಲಿ ಎದುರುಬದುರು ನಿಲ್ಲಿಸಿದ ಬೋಗುಣಿಯಾಕಾರದ ತಟ್ಟೆಗಳಲ್ಲಿ ಒಂದರ ನಾಭಿಯಲ್ಲಿ, ಅಂದರೆ ತಟ್ಟೆಗೆ ಬಡಿದ ಶಬ್ದ ಮರಳಿ ಒಂದೆಡೆ ಸೇರುವ ಬಿಂದುವಿನಲ್ಲಿ, ಪಿಸುಗುಟ್ಟಿದರೆ ಇನ್ನೊಂದರ ನಾಭಿಯಲ್ಲಿ ಸ್ಪಷ್ಟವಾಗಿ ಕೇಳಬೇಕು; ನಾನು ಹೋದ ರಾತ್ರಿ ಕೂಗಿದರೂ ಕೇಳಲಿಲ್ಲ.

ಮಗುವಿನೊಂದಿಗೆ ಹೋಗುವುದರ ಲಾಭ ಬೇರೆಯದು. ದೊಡ್ಡವರು ಮೊದಲು ವಿವರಣೆಯ ಫಲಕವನ್ನು ಓದುತ್ತಾರೆ, ಓದಿ ಮುಗಿದೊಡನೆ ನೋಡಿಯೂ ಆಯಿತೆಂದುಕೊಳ್ಳುತ್ತಾರೆ. ಮಗು ನೇರವಾಗಿ ಕೈಹಾಕುತ್ತದೆ. ತಾಮ್ರದ ದಪ್ಪ ಕೊಳವೆಯೊಳಗೆ ಅಯಸ್ಕಾಂತವನ್ನು ಬಿಟ್ಟರೆ ಅದು ತೇಲುತ್ತ ಇಳಿಯುವಂತೆ ನಿಧಾನವಾಗಿ ಬೀಳುತ್ತದೆ. ಬೀಳುವ ಅಯಸ್ಕಾಂತವು ಕೊಳವೆಯ ಗೋಡೆಯಲ್ಲಿ ಹುಟ್ಟಿಸುವ ಸುಳಿ ವಿದ್ಯುತ್ತು ಅದರ ಚಲನೆಯನ್ನೇ ತಡೆಯುವುದು ಇದಕ್ಕೆ ಕಾರಣ. ಇದನ್ನೇ ಹೇಳುವ ಲೆಂಜ್ ನಿಯಮದ ಹೆಸರು ನೆನಪಾದ ಕೂಡಲೇ ನಾನು ಮುಂದೆ ಹೊರಟಿದ್ದೆ. ನನ್ನ ಜೊತೆಗಿದ್ದ ಅಕ್ಕನ ಮಗಳು ಮಾತ್ರ ಅಯಸ್ಕಾಂತವನ್ನು ಕೊಳವೆಯ ಹೊರಮೈಗೆ ಅಂಟಿಸಲು ನೋಡಿದಳು, ಅದು ಅಂಟಲಿಲ್ಲ. ಪಕ್ಕದಲ್ಲಿದ್ದ ಕಬ್ಬಿಣದ ತುಂಡನ್ನು ಒಳಗೆ ಬಿಟ್ಟಳು, ಅದು ದಡಕ್ಕನೆ ಬಿತ್ತು. ಆಮೇಲೆ ಕೊಳವೆಗೆ ಕಣ್ಣಿಟ್ಟು ಮೇಲಿನಿಂದ ನೋಡಿದಳು. ಅಷ್ಟು ಕ್ರಮಬದ್ಧವಾಗಿ ನಾನು ಪ್ರಯೋಗಾಲಯದಲ್ಲೂ ಪರೀಕ್ಷಿಸಿದ ನೆನಪಿಲ್ಲ. ಅದಾದ ಮೇಲೆ ಹಸಿವು, ಸರದಿಯ ಸಾಲು, ಬಾಯಾರಿಕೆಗಳು ಶುರುವಾಗಿ, ಉಳಿದ ದಿನವೆಲ್ಲ ನಾನು ಬರಿಯ ಕಾವಲುಗಾರನಾಗಿದ್ದೆ.

ವಾರದ ನಡುವಿನ ಮಧ್ಯಾಹ್ನಕ್ಕೆ ನನ್ನ ಮತ ಬೀಳುವುದು ಅಲ್ಲಿ ಫಲಕದೊಂದಿಗೆ ಜಗಳವಾಡಲೂ ಸಮಯ ಸಿಗುತ್ತದೆಂಬ ಕಾರಣಕ್ಕೆ. ಮೇಲ್ಮುಖವಾಗಿ ಚಿಮ್ಮುವ ಗಾಳಿಯಲ್ಲಿ ಚೆಂಡು ತೇಲುವ ಪ್ರಯೋಗಕ್ಕೆ, ವೇಗದ ಗಾಳಿಯಲ್ಲಿ ಒತ್ತಡ ಕಡಿಮೆ ಎಂಬ ಒಂದೇ ಸಾಲಿನ ವಿವರಣೆ ಹಲವೆಡೆ ಇರುತ್ತದೆ. ಗಾಳಿ ಚಿಮ್ಮುವ ಕೊಳವೆಯನ್ನು ಓರೆಯಾಗಿಸಿ, ಚೆಂಡು ಬೀಳದೆ ನಿಂತಿರುವಾಗ ಅದರ ಆಚೆಗೆ ಅಂಗೈಯಿಟ್ಟು ನೋಡಿದರೆ, ಚೆಂಡಿನ ಮೈಯನ್ನು ಬಳಸಿ ಹರಿದ ಗಾಳಿ ಕೆಳಕ್ಕೆ ಬಾಗಿ ಬರುವುದು ಕೈಗೇ ತಿಳಿಯುತ್ತದೆ: ಗಾಳಿಯನ್ನು ಕೆಳಕ್ಕೆ ತಳ್ಳಿದ ಚೆಂಡನ್ನು ಗಾಳಿ ಮೇಲಕ್ಕೆ ತಳ್ಳುತ್ತಿದೆ. ಹಿಂದೆ ಸಾಲು ಕಾಯುತ್ತಿರುವಾಗ ಇದನ್ನು ಕಂಡುಕೊಳ್ಳುವುದು ಕಷ್ಟ. ಉದ್ದ ತಂತಿಯಲ್ಲಿ ತೂಗುತ್ತ ಭೂಮಿ ತಿರುಗುವುದನ್ನು ತೋರಿಸಿಕೊಡುವ ಫೂಕೋ ಲೋಲಕಕ್ಕಂತೂ ಬಿಡುವೇ ಬಂಡವಾಳ. ಅದರ ತೂಗಾಟದ ದಿಕ್ಕು ಧ್ರುವದಲ್ಲಿ ಗಂಟೆಗೆ ಸುಮಾರು 15 ಡಿಗ್ರಿ, 30 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧದಷ್ಟು ತಿರುಗುತ್ತದೆ, ಸಮಭಾಜಕದಲ್ಲಿ ತಿರುಗುವುದೇ ಇಲ್ಲ. ಒಳಬರುವಾಗ ದಿಕ್ಕನ್ನು ಗುರುತಿಟ್ಟುಕೊಂಡು ಎರಡು ಗಂಟೆ ಬಿಟ್ಟು ಮರಳಿ ನೋಡದವರಿಗೆ ಅದು ಬರಿಯ ತೂಗುವ ಗುಂಡು.

ಈ ದಾರಿಯಲ್ಲೂ ಕೊರತೆಗಳಿವೆ. ಬೆಳಿಗ್ಗೆ ಶಾಲೆಗಳ ತಂಡಗಳು ಬರುವ ಸಾಧ್ಯತೆ ಹೆಚ್ಚಾದ್ದರಿಂದ ಮಧ್ಯಾಹ್ನದ ನಂತರವೇ ಹೋಗಬೇಕು. ಸಿಬ್ಬಂದಿ ನಡೆಸಿಕೊಡುವ ಪ್ರಾತ್ಯಕ್ಷಿಕೆಗಳು ಜನ ಕಡಿಮೆಯಿರುವ ದಿನ ನಡೆಯದೆಯೂ ಇರಬಹುದು, ಆದ್ದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಮೇಲು. ಪಿಸುಮಾತಿನ ತಟ್ಟೆ, ಸೈಕಲ್ ಚಕ್ರ ಮುಂತಾದವುಗಳಿಗೆ ಇಬ್ಬರಾದರೂ ಬೇಕಾಗುವುದರಿಂದ ಒಬ್ಬ ಸ್ನೇಹಿತರನ್ನು ಕರೆದುಕೊಂಡು ಹೋಗಬೇಕು, ಅದರಲ್ಲೂ ಫಲಕ ಓದಿ ಹೇಳುವ ಅಭ್ಯಾಸವಿಲ್ಲದವರನ್ನು.